ಇಪ್ಪತ್ತೇಳು ಫ್ರೇಮಿನ ವಿಶ್ವಕಪ್!

ಒಂದು ಪ್ರಶ್ನೆ ಕೇಳಲಾ? ವಿಶ್ವಕಪ್ ಗೆಲ್ಲೋಕೆ ಎಷ್ಟು ಹೊತ್ತು ಬೇಕು?

ಒಂದು ತಿಂಗಳು ಅಂದಿರಾ? ಇಲ್ಲ! ನಲವತ್ತು ಓವರು? ಇಲ್ಲ! ಕೊನೆಯ ಒಂದೇ ಒಂದು ಓವರು? ಅದೂ ಅಲ್ಲ! ಇನ್ನೂ ಕಡಿಮೆ. ಇನ್ನೂ ಇನ್ನೂ ಕಡಿಮೆ!

ದೆಹಲಿಯ ಚಾಣಕ್ಯಪುರಿಯಲ್ಲಿ, ಅಕ್ಕನ ಮನೆಯ ಊಟದ ಮೇಜಿನ ಮೇಲೆ, ಒಂದು ಹಳೇ ಲ್ಯಾಪ್‌ಟಾಪಿನಲ್ಲಿ ನಾನು ಅದನ್ನು ಒಂದೊಂದಾಗಿ ಎಣಿಸಿದೆ. ಎಣಿಸಿ ಮುಗಿಸಿದಾಗ ಮೈ ಜುಮ್ಮೆಂದಿತು. ಉತ್ತರ ಈಗಲೇ ಹೇಳಲ್ಲ. ನಿಮ್ಮ ಊಹೆ ನಿಮ್ಮ ಹತ್ತಿರವೇ ಇರಲಿ.

ಮೊದಲು ಬಾರ್ಬಡೋಸ್‌ಗೆ ಬನ್ನಿ!

2024ರ ಜೂನ್ 29. ಕೆನ್ಸಿಂಗ್ಟನ್ ಓವಲ್. ಟಿ20 ವಿಶ್ವಕಪ್ ಫೈನಲ್. ಭಾರತ ಹೊಡೆದದ್ದು 176. ದಕ್ಷಿಣ ಆಫ್ರಿಕಾಕ್ಕೆ ಕೊನೆಯ ಓವರಿನಲ್ಲಿ 16 ರನ್ ಬೇಕು. ಕ್ರೀಸಿನಲ್ಲಿ ಡೇವಿಡ್ ಮಿಲ್ಲರ್. ಚೆಂಡು ಹಾರ್ದಿಕ್ ಪಾಂಡ್ಯ ಕೈಯಲ್ಲಿ. ಮೊದಲ ಎಸೆತವೇ ಫುಲ್‌ಟಾಸ್! ಮಿಲ್ಲರ್ ಬೀಸಿದರು. ಚೆಂಡು ಮೇಲೆದ್ದಿತು. ಇಡೀ ಭಾರತದ ಎದೆ ಧಸಕ್ಕೆಂದಿತು.

ಸಿಕ್ಸರ್ ಆದರೆ? 5 ಎಸೆತಕ್ಕೆ 10 ರನ್. ಮಿಲ್ಲರ್‌ಗೆ ಅದು ನೀರು ಕುಡಿದಷ್ಟು ಸುಲಭ!

ಆಗ ಲಾಂಗ್ ಆಫ್ ಕಡೆಯಿಂದ ಒಂದು ನೀಲಿ ಅಂಗಿ ಓಡಿ ಬಂತು. ಸೂರ್ಯಕುಮಾರ್ ಯಾದವ್! ಓಡಿದರು. ಹಿಡಿದರು. ಆದರೆ ಕಾಲು ನಿಲ್ಲುತ್ತಿಲ್ಲ! ಹಗ್ಗ ಕಾಲಬುಡಕ್ಕೇ ಬಂದುಬಿಟ್ಟಿದೆ! ಹಿಡಿದ ಚೆಂಡನ್ನು ಮೇಲಕ್ಕೆ ತೂರಿದರು. ತಾವು ಹಗ್ಗದಾಚೆ ಹೋದರು. ಮತ್ತೆ ಒಳಗೆ ಬಂದರು. ಅದೇ ಚೆಂಡನ್ನು ಮತ್ತೆ ಹಿಡಿದರು!

ಮೂರನೇ ಅಂಪೈರ್ ರಿಚರ್ಡ್ ಕೆಟಲ್‌ಬರೋ ಪರದೆಯ ಮೇಲೆ ನೋಡಿದರು. ಔಟ್! ದಕ್ಷಿಣ ಆಫ್ರಿಕಾಕ್ಕೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಭಾರತ ಗೆದ್ದಿತು. ಅಂತರ ಎಷ್ಟು ಗೊತ್ತಾ? ಬರೀ 7 ರನ್! ಆ ಒಂದು ಚೆಂಡಿನ ಬೆಲೆ? 6!

ಇದಕ್ಕೂ ಚಾಣಕ್ಯಪುರಿಗೂ ಏನು ಸಂಬಂಧ ಅಂತೀರಾ? ಇಲ್ಲಿದೆ ಕೇಳಿ!

ಆ ಕಪ್ ಭಾರತದ ನೆಲಕ್ಕೆ ಬಂದ ಮೇಲೆ ಮೊದಲು ಇಳಿದುಕೊಂಡದ್ದೇ ಈ ಬಡಾವಣೆಯಲ್ಲಿ! ಬೆರಿಲ್ ಚಂಡಮಾರುತದಿಂದ ಬಾರ್ಬಡೋಸ್‌ನಲ್ಲೇ ಸಿಕ್ಕಿಕೊಂಡಿದ್ದ ತಂಡ ಜುಲೈ 4ರ ಬೆಳಗಿನ ಜಾವ ದೆಹಲಿಗೆ ಬಂತು. ಬಸ್ಸು ನೇರ ಸರ್ದಾರ್ ಪಟೇಲ್ ಮಾರ್ಗದ ಐಟಿಸಿ ಮೌರ್ಯ ಹೋಟೆಲಿಗೆ. ಡೋಲಿನ ಸದ್ದು! ಬಸ್ಸಿನಿಂದ ಇಳಿದ ಸೂರ್ಯಕುಮಾರ್ ಅಲ್ಲೇ ಭಾಂಗ್ರಾ ಕುಣಿದರು! ವಿಶ್ವಕಪ್ಪನ್ನು ಹಗ್ಗದೊಳಗೆ ಉಳಿಸಿದ ಅದೇ ಕಾಲುಗಳು!

ಆ ತಂಡದ ಕೋಚ್ ಯಾರು? ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್! ಟೆಸ್ಟ್ ಕ್ರಿಕೆಟ್ಟಿನಲ್ಲಿ 210 ಕ್ಯಾಚ್ ಹಿಡಿದವರು. ವಿಕೆಟ್ ಕೀಪರ್‌ಗಳನ್ನು ಬಿಟ್ಟರೆ ಅಂದು ಜಗತ್ತಿನಲ್ಲಿ ಅವರಿಗಿಂತ ಹೆಚ್ಚು ಹಿಡಿದವರೇ ಇರಲಿಲ್ಲ. ಭಾರತ ತಂಡದ ಕೋಚ್ ಆಗಿ ಅವರ ಕೊನೆಯ ಪಂದ್ಯ ಅದು. ಅದರಲ್ಲಿ ಇಂಥ ಕ್ಯಾಚ್!

ಆ ಹೋಟೆಲಿಗೂ ಕೌಟಿಲ್ಯ ಮಾರ್ಗದ ನಮ್ಮ ಕರ್ನಾಟಕ ಭವನಕ್ಕೂ ದೂರವೇನಿಲ್ಲ. ಎರಡೂ ಚಾಣಕ್ಯಪುರಿಯೇ. ಅಲ್ಲೇ ಹತ್ತಿರದಲ್ಲಿ ನಮ್ಮಕ್ಕನ ಮನೆ. ಈ ಚಳಿಗಾಲ ಅಲ್ಲಿಗೆ ಹೋಗಿದ್ದಾಗ ಅಕ್ಕನ ಮಗ ಸವಾಲು ಹಾಕಿದ.

“ಮಾಮ, ಸೂರ್ಯನ ಕ್ಯಾಚನ್ನ ಗೇಮಲ್ಲಿ ಹಿಡಿದು ತೋರಿಸಿ ನೋಡೋಣ!”

ಹನ್ನೆರಡು ವರ್ಷದ ಹುಡುಗ. ಸವಾಲು ಬಿಡೋಕಾಗುತ್ತಾ?

ಮೊದಲು ಅವನ ಫೋನಿನ ಕ್ರಿಕೆಟ್ ಗೇಮ್ ತೆಗೆದೆವು. ಹಿಡಿಯೋಕೆ ಒಂದು ಗುಂಡಿ ಇತ್ತು. ಎಸೆಯೋಕೆ ಒಂದು ಗುಂಡಿ ಇತ್ತು. ಆದರೆ ಹಿಡಿದು, ಮೇಲೆ ತೂರಿ, ಹೊರಗೆ ಹೋಗಿ, ಒಳಗೆ ಬಂದು, ಮತ್ತೆ ಹಿಡಿಯೋಕೆ? ಗುಂಡಿಯೇ ಇಲ್ಲ! ನಾವು ಆಡಿದ ಗೇಮಿನಲ್ಲಿ ಹಗ್ಗದ ಹತ್ತಿರ ಎರಡೇ ಸಾಧ್ಯತೆ. ಕ್ಯಾಚ್ ಇಲ್ಲವೇ ಸಿಕ್ಸರ್. ನಡುವಿನ ಆ ಮೂರನೆಯದಕ್ಕೆ ಅಲ್ಲಿ ಜಾಗವೇ ಇರಲಿಲ್ಲ!

“ಹಾಗಾದ್ರೆ ನಾವೇ ಗೇಮ್ ಮಾಡೋಣ ಕಣೋ!” ಅಂದೆ.

ಸ್ಕ್ರ್ಯಾಚ್ ಗೊತ್ತಲ್ಲ? ಅಮೆರಿಕದ ಎಂಐಟಿಯವರು ಮಕ್ಕಳಿಗಾಗಿ 2007ರಲ್ಲಿ ಹೊರತಂದದ್ದು. ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾ ಹೋದರೆ ಗೇಮ್ ಸಿದ್ಧ! ಕಾಸಿಲ್ಲ, ಖರ್ಚಿಲ್ಲ. ಅವನಿಗೆ ಶಾಲೆಯಲ್ಲಿ ಕಲಿಸಿದ್ದಾರೆ. ಒಂದು ಬಿಳಿ ಹಗ್ಗ ಬರೆದೆವು. ಒಂದು ನೀಲಿ ಗೊಂಬೆ. ಒಂದು ಬಿಳಿ ಚೆಂಡು. ಇಷ್ಟೇ ನಮ್ಮ ಕೆನ್ಸಿಂಗ್ಟನ್ ಓವಲ್!

ಈಗ ಬರುತ್ತೆ ನೋಡಿ ಮೊದಲನೆಯ ಬೆರಗು!

ಚೆಂಡನ್ನು ಮೇಲಕ್ಕೆ ಎಸೆಯಬೇಕು. ಹೇಗೆ? ಪ್ರತಿ ಫ್ರೇಮಿಗೆ, ಅಂದರೆ ಪರದೆಯ ಮೇಲೆ ಮೂಡುವ ಪ್ರತಿ ಚಿತ್ರಕ್ಕೆ, ಚೆಂಡು ಎಷ್ಟು ಚುಕ್ಕಿ ಏರಬೇಕು ಅಂತ ಒಂದು ಸಂಖ್ಯೆ ಕೊಡಬೇಕು. ನಾವು 13 ಕೊಟ್ಟೆವು. ಭೂಮಿಯ ಎಳೆತ? ಪ್ರತಿ ಫ್ರೇಮಿಗೂ ಆ ಸಂಖ್ಯೆಯಲ್ಲಿ 1 ಕಳೆಯೋದು. ಅಷ್ಟೇ! ನ್ಯೂಟನ್ ಪೂರ್ತಿ ಒಂದು ಹಸಿರು ತುಂಡಿನೊಳಗೆ ಬಂದು ಕೂತುಬಿಟ್ಟರು!

13 ಏರಿತು. ಆಮೇಲೆ 12. ಆಮೇಲೆ 11. ಹೀಗೇ 1ರವರೆಗೆ. ಎಲ್ಲ ಕೂಡಿಸಿ ನೋಡಿ. 91 ಚುಕ್ಕಿ! ಭೂಮಿಯ ನಿಜವಾದ ಎಳೆತಕ್ಕೆ ಹೊಂದಿಸಿ ಅಳೆದರೆ ಇದು ಸರಿಸುಮಾರು ಒಂದು ಮೀಟರ್ ಎತ್ತರ. ಆಮೇಲೆ 0. ತುತ್ತತುದಿಯಲ್ಲಿ ಒಂದು ಫ್ರೇಮ್ ಚೆಂಡು ಅಲುಗಾಡುವುದೇ ಇಲ್ಲ! ಆಮೇಲೆ ಇಳಿತ. ಮೈನಸ್ 1, ಮೈನಸ್ 2, ಹೀಗೇ ಮೈನಸ್ 13ರವರೆಗೆ. ಚೆಂಡು ಮತ್ತೆ ಕೈಗೆ!

ಒಟ್ಟು ಎಷ್ಟು ಫ್ರೇಮ್? ಏರೋಕೆ 13. ತುದಿಯಲ್ಲಿ 1. ಇಳಿಯೋಕೆ 13.

ಇಪ್ಪತ್ತೇಳು!

ಸ್ಕ್ರ್ಯಾಚ್ ಸೆಕೆಂಡಿಗೆ 30 ಫ್ರೇಮ್ ಓಡಿಸುತ್ತೆ. ಅಂದರೆ 0.9 ಸೆಕೆಂಡ್! ಕೈಯಿಂದ ಒಂದು ಮೀಟರ್ ಮೇಲಕ್ಕೆ ಏನನ್ನೇ ತೂರಿ, ನಿಂಬೆಹಣ್ಣಾಗಲಿ, ಕ್ರಿಕೆಟ್ ಚೆಂಡಾಗಲಿ, ಅದು ಮತ್ತೆ ಕೈಗೆ ಬರೋಕೆ ಭೂಮಿ ಕೊಡುವ ವಾಯಿದೆ ಇಷ್ಟೇ. ಒಂದು ಸೆಕೆಂಡ್ ಕೂಡ ಇಲ್ಲ!

ಅಷ್ಟರಲ್ಲಿ ಏನೇನು ಆಗಬೇಕು ಯೋಚಿಸಿ! ಒಂದು ಕಾಲು ಹಗ್ಗದಾಚೆ. ಇನ್ನೊಂದು ಕಾಲೂ ಆಚೆ. ಓಡುತ್ತಿರುವ ಮೈಯನ್ನು ತಡೆಯಬೇಕು. ಒಳಮುಖವಾಗಿ ತಿರುಗಬೇಕು. ಒಂದು ಕಾಲು ಒಳಗೆ. ಇನ್ನೊಂದೂ ಒಳಗೆ. ಹಗ್ಗ ಮುಟ್ಟಬಾರದು! ಎರಡೂ ಕೈ ಚೆಂಡಿನ ಕೆಳಗೆ!

ನಮ್ಮ ಗೊಂಬೆ ಸೋತಿತು. ಮತ್ತೆ ಸೋತಿತು. ಹೊರಗೆ ಹೋಗಿದ್ದು ವಾಪಸ್ ಬರುವಷ್ಟರಲ್ಲಿ ಚೆಂಡು ನೆಲದ ಮೇಲೆ!

ಎತ್ತರ ಹೆಚ್ಚಿಸಿದರೆ ಆಯಿತಲ್ಲ ಅಂತೀರಾ? ನಾವೂ ಹಾಗೇ ಅಂದುಕೊಂಡೆವು. ಎರಡು ಪಟ್ಟು ಎತ್ತರ ಎಸೆದರೆ ಎರಡು ಪಟ್ಟು ಹೊತ್ತು ಸಿಗುತ್ತಾ? ಊಹಿಸಿ!

ಸಿಗಲ್ಲ! ಎರಡು ಪಟ್ಟು ಹೊತ್ತು ಬೇಕಾದರೆ ನಾಲ್ಕು ಪಟ್ಟು ಎತ್ತರ ಎಸೆಯಬೇಕು! ಮೈಯೆಲ್ಲ ಓಲಾಡುತ್ತಿರುವಾಗ ನಾಲ್ಕು ಮೀಟರ್ ಮೇಲಕ್ಕೆ ಎಸೆದ ಚೆಂಡು ಎಲ್ಲಿಗೆ ಬಂದು ಬೀಳುತ್ತೋ ಯಾರಿಗೆ ಗೊತ್ತು? ಕಡಿಮೆ ಎಸೆದರೆ ಹೊತ್ತು ಸಾಲದು. ಹೆಚ್ಚು ಎಸೆದರೆ ಚೆಂಡು ಕೈಗೆ ಸಿಗದು. ಆ ಹದ ಸೂರ್ಯಕುಮಾರ್ ಕೈಗೆ ಗೊತ್ತಿತ್ತು!

ಈಗ ಎರಡನೆಯ ಬೆರಗು. ಇದನ್ನು ಕಂಡಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ!

ಗೊಂಬೆ ಹಗ್ಗದ ಕಡೆಗೆ ಓಡುತ್ತಿದೆ. ಚೆಂಡನ್ನು ನೆಟ್ಟಗೆ ಮೇಲಕ್ಕೆ ಎಸೆಯಿತು. ಚೆಂಡು ಎಲ್ಲಿ ಬೀಳಬೇಕು? ಎಸೆದ ಜಾಗದಲ್ಲೇ ಅಂದಿರಾ?

ತಪ್ಪು! ಚೆಂಡೂ ಹಗ್ಗದಾಚೆ ಹೋಗಿ ಬಿತ್ತು. ಸಿಕ್ಸರ್!

ಯಾಕೆ? ಓಡುವ ರೈಲಿನೊಳಗೆ ನಾಣ್ಯ ಮೇಲೆ ಹಾರಿಸಿ ನೋಡಿದ್ದೀರಾ? ಅದು ನಿಮ್ಮ ಕೈಗೇ ಬೀಳುತ್ತೆ. ರೈಲಿನ ವೇಗ ನಾಣ್ಯದಲ್ಲೂ ಇರುತ್ತೆ. ಇಲ್ಲೂ ಹಾಗೇ! ಫೀಲ್ಡರನ ಓಟ ಚೆಂಡಿನೊಳಗೆ ಸೇರಿಕೊಂಡಿರುತ್ತೆ. ಅವನು ನೆಟ್ಟಗೆ ಎಸೆದರೆ ಚೆಂಡು ಅವನ ಜೊತೆಗೇ ಗಡಿ ದಾಟುತ್ತೆ. ಒಳಗೇ ಉಳಿಯಬೇಕಾದರೆ ತನ್ನ ಓಟ ಎಷ್ಟಿದೆಯೋ ಅಷ್ಟನ್ನು ಚೆಂಡಿನಿಂದ ಕಳೆದು ಎಸೆಯಬೇಕು!

ನಾವು ಅದನ್ನು ಮೈನಸ್ ಚಿಹ್ನೆ ಹಾಕಿ ಸರಿಮಾಡಿದೆವು. ಸೂರ್ಯಕುಮಾರ್? ಓಡುತ್ತಾ, ವಾಲುತ್ತಾ, ಬೆರಳ ತುದಿಯಲ್ಲಿ ಆ ಲೆಕ್ಕ ಮಾಡಿದರು! ಕಾಗದವಿಲ್ಲ, ಪೆನ್ಸಿಲ್ಲಿಲ್ಲ, ಎರಡನೇ ಪ್ರಯತ್ನವಿಲ್ಲ!

ಮೂರನೆಯದು ಇನ್ನೂ ಚೆಂದ. ನಿಯಮವನ್ನು ಗೇಮಿನೊಳಗೆ ತುಂಬಬೇಕಿತ್ತು. ಎರಡೇ ಪ್ರಶ್ನೆ. ಗೊಂಬೆ ಚೆಂಡನ್ನು ಮುಟ್ಟುತ್ತಿದೆಯಾ? ಗೊಂಬೆ ಹಗ್ಗವನ್ನಾಗಲಿ, ಆಚೆಯ ನೆಲವನ್ನಾಗಲಿ ಮುಟ್ಟುತ್ತಿದೆಯಾ? ಎರಡಕ್ಕೂ ಒಂದೇ ಫ್ರೇಮಿನಲ್ಲಿ “ಹೌದು” ಬಂದರೆ ಸಿಕ್ಸರ್. ಒಂದು ಫ್ರೇಮ್ ಸಾಕು! ಸೆಕೆಂಡಿನ ಮೂವತ್ತನೇ ಒಂದು ಭಾಗ!

ಇಲ್ಲಿ ನಿಮಗೊಂದು ಪರೀಕ್ಷೆ. ಹಗ್ಗದ ಹೊರಗೆ ನಿಂತ ಫೀಲ್ಡರ್ ಮೇಲಕ್ಕೆ ನೆಗೆದು, ಗಾಳಿಯಲ್ಲಿರುವಾಗಲೇ ಚೆಂಡನ್ನು ಒಳಗೆ ತಳ್ಳಿದರೆ? ಔಟ್ ಕೊಡಬಹುದಾ?

ಕೊಟ್ಟಿದ್ದಾರೆ! 2023ರ ಜನವರಿ 1ರಂದು ಬ್ರಿಸ್ಬೇನ್‌ನಲ್ಲಿ ಮೈಕೆಲ್ ನೀಸರ್ ಎಂಬ ಫೀಲ್ಡರ್ ಹೀಗೇ ಹೊರಗೆ ಹೋಗಿ ನೆಗೆದು ಚೆಂಡನ್ನು ಒಳಗೆ ತಟ್ಟಿ ಹಿಡಿದರು. ಜಗತ್ತು ಬಾಯಿಬಿಟ್ಟು ನೋಡಿತು. ಇದು ಸರಿಯಾ ಅಂತ ವಾದ ಎದ್ದಿತು. 2025ರಲ್ಲಿ ನಿಯಮವೇ ಬದಲಾಯಿತು! ಹೊರಗೆ ಹೋದವರು ಗಾಳಿಯಲ್ಲಿ ಒಂದೇ ಒಂದು ಸಲ ಚೆಂಡು ಮುಟ್ಟಬಹುದು, ಆಮೇಲೆ ಒಳಗೇ ಇಳಿಯಬೇಕು.

ಹಾಗಾದರೆ ಸೂರ್ಯಕುಮಾರ್ ಕ್ಯಾಚ್? ಹೊಸ ನಿಯಮದಲ್ಲಿ ಬಿದ್ದುಹೋಗುತ್ತಾ?

ಇಲ್ಲ! ಹಳೇ ನಿಯಮಕ್ಕೂ ಔಟ್, ಹೊಸ ನಿಯಮಕ್ಕೂ ಔಟ್! ಅವರು ಹೊರಗಿದ್ದಾಗ ಚೆಂಡನ್ನು ಮುಟ್ಟಲೇ ಇಲ್ಲ. ಎರಡು ಸಲ ಹಿಡಿದರು, ಎರಡು ಸಲವೂ ಒಳಗಿದ್ದೇ ಹಿಡಿದರು. ನಮ್ಮ ಗೇಮಿನ ಎರಡು ಪ್ರಶ್ನೆಗೂ ಒಟ್ಟಿಗೆ “ಹೌದು” ಬರಲೇ ಇಲ್ಲ!

ತಡೆಯಿರಿ, ಇನ್ನೂ ಇದೆ. ಈ ಬೆರಗು ನನ್ನನ್ನು ಎಪ್ಪತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು!

ನ್ಯೂಯಾರ್ಕ್. ಪೋಲೋ ಗ್ರೌಂಡ್ಸ್ ಮೈದಾನ. ಕ್ರಿಕೆಟ್ ಅಲ್ಲ, ಬೇಸ್‌ಬಾಲ್. ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ. ಎಂಟನೇ ಇನಿಂಗ್ಸ್. ಅಂಕ 2-2. ಇಬ್ಬರು ಓಟಗಾರರು ಓಡೋಕೆ ಸಿದ್ಧ. ವಿಕ್ ವರ್ಟ್ಜ್ ಬಾರಿಸಿದ ಚೆಂಡು ಮೈದಾನದ ಮಧ್ಯಭಾಗದ ಆಳಕ್ಕೆ ಹಾರಿತು.

ಆ ಮೈದಾನ ಎಷ್ಟು ದೊಡ್ಡದು ಊಹಿಸಿ! ನಮ್ಮ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಬೌಂಡರಿ 90 ಗಜ, ಅಂದರೆ 270 ಅಡಿ ಮೀರುವಂತಿಲ್ಲ. ಅಲ್ಲಿ ಮಧ್ಯಭಾಗದ ಗೋಡೆ 480 ಅಡಿಗೂ ಆಚೆ! ಆ ಬಯಲಿನಲ್ಲಿ ವಿಲ್ಲೀ ಮೇಸ್ ಎಂಬ ಆಟಗಾರ ಚೆಂಡಿಗೆ ಬೆನ್ನು ಹಾಕಿ ಗೋಡೆಯ ಕಡೆಗೆ ಓಡಿದರು. ಓಡುತ್ತಲೇ ಭುಜದ ಮೇಲಿಂದ ಬಂದ ಚೆಂಡನ್ನು ಗ್ಲೌಸಿಗೆ ಇಳಿಸಿಕೊಂಡರು. ಗಿರಕ್ಕನೆ ತಿರುಗಿ ಎಸೆದರು. ಟೋಪಿ ಹಾರಿ ಬಿತ್ತು! ಅವರ ಜೈಂಟ್ಸ್ ತಂಡ ಪಂದ್ಯವನ್ನೂ ಗೆದ್ದಿತು, ಸರಣಿಯನ್ನು 4-0ಯಿಂದ ಬಾಚಿಕೊಂಡಿತು. ಅಮೆರಿಕದ ಬೇಸ್ಬಾಲಿನಲ್ಲಿ ಇವತ್ತಿಗೂ ಬರೀ “ಆ ಕ್ಯಾಚ್” ಅಂದರೆ ಸಾಕು, ಯಾವುದು ಅಂತ ಯಾರೂ ಕೇಳಲ್ಲ!

ದಿನಾಂಕ ಹೇಳಲಾ? 1954ರ ಸೆಪ್ಟೆಂಬರ್ 29. ಇಲ್ಲೂ 29!

ಇನ್ನೊಂದು ಹೇಳುತ್ತೇನೆ, ಮೈ ಝುಂ ಅನ್ನುತ್ತೆ. ವಿಲ್ಲೀ ಮೇಸ್ ತೀರಿಕೊಂಡದ್ದು 93ನೇ ವಯಸ್ಸಿನಲ್ಲಿ, 2024ರ ಜೂನ್ 18ರಂದು. ಸೂರ್ಯಕುಮಾರ್ ಕ್ಯಾಚ್ ಹಿಡಿದದ್ದು ಜೂನ್ 29ರಂದು. ನಡುವೆ ಹನ್ನೊಂದೇ ದಿನ!

ಬೆನ್ನು ಹಾಕಿ ಓಡಿ ಹಿಡಿದ ಕ್ಯಾಚ್ ಅಂದರೆ ನಮಗೂ ಒಂದು ನೆನಪಾಗಲೇಬೇಕು. 1983ರ ಜೂನ್ 25, ಲಾರ್ಡ್ಸ್, ವಿಶ್ವಕಪ್ ಫೈನಲ್! ಭಾರತದ್ದು ಬರೀ 183. ವಿವಿಯನ್ ರಿಚರ್ಡ್ಸ್ 28 ಎಸೆತಕ್ಕೆ 33 ಚಚ್ಚಿದ್ದಾರೆ. ಮದನ್ ಲಾಲ್ ಎಸೆತವನ್ನು ಎತ್ತಿ ಹೊಡೆದರು. ಕಪಿಲ್ ದೇವ್ ಹಿಂದಕ್ಕೆ ಓಡಿದರು, ಓಡಿದರು, ಚೆಂಡಿನಿಂದ ಕಣ್ಣು ಕೀಳದೆ ಓಡಿ ಹಿಡಿದರು! ವೆಸ್ಟ್ ಇಂಡೀಸ್ 140ಕ್ಕೆ ಕುಸಿಯಿತು. ಭಾರತದ ಆ ಹನ್ನೊಂದು ಜನರಲ್ಲಿ ನಮ್ಮ ಕರ್ನಾಟಕದ ಸಯ್ಯದ್ ಕಿರ್ಮಾನಿ ವಿಕೆಟ್ ಹಿಂದೆ ಇದ್ದರು. ಆ ಟೂರ್ನಿಯಲ್ಲಿ 18 ವಿಕೆಟ್ ಕಿತ್ತ ನಮ್ಮ ರೋಜರ್ ಬಿನ್ನಿಯೂ ಇದ್ದರು!

ಈಗ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅಷ್ಟು ಮೇಲಕ್ಕೆ ಹೋದ ಚೆಂಡು ಎಲ್ಲಿ ಬೀಳುತ್ತೆ ಅಂತ ಇವರಿಗೆ ಗೊತ್ತಾಗೋದು ಹೇಗೆ?

ಗೇಮಿಗೆ ಇದು ಕಷ್ಟವೇ ಅಲ್ಲ. ಬ್ಯಾಟಿಗೆ ತಾಗಿದ ಕೂಡಲೇ ಚೆಂಡು ಬೀಳುವ ಜಾಗದಲ್ಲಿ ಒಂದು ವೃತ್ತ ಹಾಕಿ ತೋರಿಸಿಬಿಡಬಹುದು. ನಾವೂ ಹಾಗೇ ಮಾಡಿದೆವು. ಸೂರ್ಯಕುಮಾರ್‌ಗೆ ವೃತ್ತ ಹಾಕಿಕೊಟ್ಟವರು ಯಾರು?

ಯಾರೂ ಇಲ್ಲ. ಬೇಕಾಗಿಯೂ ಇಲ್ಲ! 1968ರಲ್ಲಿ ಸೆವಿಲ್ ಚಾಪ್‌ಮನ್ ಎಂಬ ಅಮೆರಿಕದ ಭೌತವಿಜ್ಞಾನಿ ಒಂದು ಸೊಗಸಾದ ಗುಟ್ಟು ಹೇಳಿದರು. ನಿಮ್ಮ ಕಡೆಗೇ ಬರುವ ಚೆಂಡನ್ನು ನೋಡಿ. ಅದು ಕಣ್ಣಿನೆದುರು ಒಂದೇ ಸಮನೆ ಏರುತ್ತಿದೆಯಾ? ನೀವು ಸರಿಯಾದ ಜಾಗದಲ್ಲಿದ್ದೀರಿ, ಕದಲಬೇಡಿ! ಏರಿಕೆ ಜೋರಾಗುತ್ತಿದೆಯಾ? ತಲೆ ಮೇಲೆ ಹೋಗುತ್ತೆ, ಹಿಂದಕ್ಕೆ ಓಡಿ! ಏರಿಕೆ ಮಂದವಾಗುತ್ತಿದೆಯಾ? ಮುಂದೆಯೇ ಬೀಳುತ್ತೆ, ಮುನ್ನುಗ್ಗಿ! ಎಲ್ಲಿ ಬೀಳುತ್ತೆ ಅನ್ನುವ ಲೆಕ್ಕವೇ ಬೇಡ. ಕಣ್ಣು ಚೆಂಡಿನ ಮೇಲಿರಲಿ, ಕಾಲು ತಾನಾಗಿ ಅಲ್ಲಿಗೆ ಹೋಗುತ್ತೆ!

ಇದನ್ನೆಲ್ಲ ನಾನು ಹುಡುಗನಿಗೆ ಕೈ ಕಾಲು ಆಡಿಸಿ ಹೇಳುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ಅಕ್ಕ ನಿಂತು ಪರದೆ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು.

“ಇದು ನಾವು ಜಗಲಿ ಮೇಲೆ ಆಡ್ತಿದ್ದ ಕಲ್ಲಾಟ ಅಲ್ವೇನೋ?”

ನಾನು ಬೆಪ್ಪಾದೆ!

ಅಕ್ಕ ಬಾಲ್ಕನಿಯ ತುಳಸಿ ಕುಂಡದಿಂದ ಐದು ಬೆಣಚುಕಲ್ಲು ಆರಿಸಿ ತಂದಳು. ನೆಲದ ಮೇಲೆ ಕೂತಳು. ನಾಲ್ಕನ್ನು ಚೆಲ್ಲಿದಳು. ಒಂದನ್ನು ಮೇಲಕ್ಕೆ ತೂರಿದಳು. ಅದು ಗಾಳಿಯಲ್ಲಿರುವಾಗಲೇ ಕೆಳಗಿನ ನಾಲ್ಕನ್ನೂ ಒಂದೇ ಕೈಯಲ್ಲಿ ಗುಡಿಸಿ ಎತ್ತಿಕೊಂಡು, ಬೀಳುತ್ತಿದ್ದ ಕಲ್ಲನ್ನು ಅದೇ ಕೈಯಲ್ಲಿ ಹಿಡಿದಳು! ಚಕ್ ಎಂದು ಸದ್ದಾಯಿತು. ಎಷ್ಟೋ ವರ್ಷವಾಗಿತ್ತು ಅವಳು ಕಲ್ಲು ಮುಟ್ಟಿ. ಒಂದೂ ಜಾರಲಿಲ್ಲ!

“ಅಮ್ಮ, ನೀನು ಕೆಳಗೆ ನೋಡ್ಲೇ ಇಲ್ಲ!” ಹುಡುಗ ಕಿರುಚಿದ.

ಹೌದು! ಕೈ ಕೆಳಗಿತ್ತು, ಕಣ್ಣು ಮೇಲಿತ್ತು. ನೆಲದ ಕಲ್ಲುಗಳು ಎಲ್ಲಿವೆ ಅಂತ ತೂರುವ ಮುಂಚೆಯೇ ಅವಳ ಕೈಗೆ ಗೊತ್ತಿತ್ತು. ಕಾಲಡಿಯ ಹಗ್ಗ ಎಲ್ಲಿದೆ ಅಂತ ಸೂರ್ಯಕುಮಾರ್‌ಗೆ ಗೊತ್ತಿದ್ದ ಹಾಗೆ! ಒಂದು ಕೆಲಸವನ್ನು ಗಾಳಿಗೆ ಒಪ್ಪಿಸಿ, ಅದು ಬೀಳುವುದರೊಳಗೆ ಇನ್ನೊಂದನ್ನು ಮುಗಿಸಿ ಬರುವ ಆಟ. ನಮ್ಮ ಹೆಣ್ಣುಮಕ್ಕಳು ಎಷ್ಟೋ ತಲೆಮಾರಿನಿಂದ ಜಗಲಿಯ ಮೇಲೆ ಆಡಿಕೊಂಡು ಬಂದದ್ದು!

ಆ ಕೈಗೆ ಅದೆಲ್ಲ ಹೇಗೆ ಗೊತ್ತಾಗುತ್ತೆ? ಇದರ ಉತ್ತರವೂ 2024ರ ಜುಲೈ 4ರಂದೇ ಸಿಕ್ಕಿತ್ತು. ಚಾಣಕ್ಯಪುರಿಯ ಹೋಟೆಲಿನಿಂದ ತಂಡ ಲೋಕ ಕಲ್ಯಾಣ ಮಾರ್ಗದ ಪ್ರಧಾನಿ ನಿವಾಸಕ್ಕೆ ಹೋಯಿತು. ಅಲ್ಲಿ ಆ ಕ್ಯಾಚಿನ ಮಾತು ಬಂತು. ಇಂಥ ಕ್ಯಾಚುಗಳನ್ನು ಸೂರ್ಯಕುಮಾರ್ ಅಭ್ಯಾಸದಲ್ಲಿ ಎಷ್ಟು ಸಲ ಹಿಡಿದಿದ್ದರು ಅನ್ನೋದೂ ಅಲ್ಲೇ ಗೊತ್ತಾಯಿತು. ಊಹಿಸಿ! ಹತ್ತು? ಇಪ್ಪತ್ತು?

150ರಿಂದ 160 ಸಲ!

ಜಗತ್ತು ನೋಡಿದ್ದು ಒಂದನ್ನು. ಅದರ ಹಿಂದೆ ಯಾರೂ ಚಪ್ಪಾಳೆ ತಟ್ಟದ ನೂರೈವತ್ತು ಇದ್ದವು!

ನಮ್ಮ ನೀಲಿ ಗೊಂಬೆ ಕೊನೆಗೂ ಹಿಡಿಯಿತಾ? ಹಿಡಿಯಿತು! ಅನ್ನ ಸಾರು ಆರಿ ತಣ್ಣಗಾದ ಮೇಲೆ, ರಾತ್ರಿ ಹತ್ತಕ್ಕೆ! ಹುಡುಗ ಮೇಜು ಬಡಿದು ಕುಣಿದ. ಒಂದೊಂದೇ ಫ್ರೇಮ್ ಓಡಿಸಿ ಎಣಿಸಿದೆವು. ಎಸೆದ ಕ್ಷಣದಿಂದ ಮತ್ತೆ ಹಿಡಿದ ಕ್ಷಣದವರೆಗೆ ಇಪ್ಪತ್ತೇಳು. ಇದೇ ನನ್ನ ಉತ್ತರ. ಒಂದು ವಿಶ್ವಕಪ್ ಗಾಳಿಯಲ್ಲಿ ತೂಗಾಡೋಕೆ ಇಷ್ಟು ಸಾಕು!

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಮುಚ್ಚಿಟ್ಟು ನೆಹರೂ ಪಾರ್ಕಿಗೆ ಹೋದೆವು. ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ಅಕ್ಕನ ಹಳೇ ದುಪಟ್ಟಾವೇ ಹಗ್ಗ. ಟೆನಿಸ್ ಚೆಂಡು. ಹುಡುಗ ಓಡಿದ, ತೂರಿದ, ಆಚೆ ಹೋದ, ಈಚೆ ಬಂದ. ಹೋಯಿತು! ಮತ್ತೆ. ಹೋಯಿತು! ಮತ್ತೆ!

ಈಗ ನಿಮ್ಮ ಸರದಿ. ನಿಮ್ಮ ಮನೆ ಅಂಗಳವಾಗಲಿ, ಮಹಡಿಯಾಗಲಿ, ಬೀದಿಯಾಗಲಿ, ನೆಲದ ಮೇಲೆ ಒಂದು ಹಗ್ಗ ಹಾಸಿ. ಒಂದು ಚೆಂಡನ್ನು ತಲೆಯ ಮಟ್ಟಕ್ಕಿಂತ ಸ್ವಲ್ಪ ಮೇಲಕ್ಕೆ ತೂರಿ. ಹಗ್ಗ ದಾಟಿ ಹೋಗಿ ಬನ್ನಿ, ಹಿಡಿಯಿರಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಕೈಗೆ ಐದು ಕಲ್ಲು ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ಮೊದಲ ಸಲ ತಪ್ಪುತ್ತೆ. ಹತ್ತನೇ ಸಲವೂ ತಪ್ಪಬಹುದು. ನೂರೈವತ್ತರವರೆಗೆ ಬಿಡಬೇಡಿ!